ಸೋಲುವವನ ಉಮೇದುವಾರಿಕೆ

ವಿಜಾಪುರ ಸೀಮೆಯಲ್ಲಿ ಕಾಖಂಡಕಿ ಎಂದೊಡನೆ ನೆನಪಿಗೆ ಬರುವ ಹೆಸರು ಮಹಿಪತಿದಾಸರದು. ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿ ದರಬಾರಿನ ಉನ್ನತ ಅಧಿಕಾರದಲ್ಲಿದ್ದ ಈ ಮಹನೀಯರು ಅದನ್ನು ತೊರೆದು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಕಾಖಂಡಕಿಯಲ್ಲಿ ನೆಲೆನಿಂತರು. ಅಧಿಕಾರವನ್ನು ಬಿಟ್ಟುಬಂದವರನ್ನು ಪೂಜಿಸುವುದು ಈ ನಾಡಿನ ಹಳೆಯ ರೂಢಿ. ದಿಗ್ವಿಜಯಿಯಾದ ಅಣ್ಣನನ್ನು ಗೆದ್ದಮೇಲೂ ರಾಜ್ಯವನ್ನು ಬಿಟ್ಟು ನಡೆದ ಬಾಹುಬಲಿಯ ಕಥೆಯನ್ನು ಕೇಳಿ ಬೆಳೆಯದ ಜೈನ ಮನೆತನವೂ ಇಲ್ಲ. ತ್ಯಾಗದ ಈ ಗೌರವ ಸರಿಯಾದುದೇ. ಆದರೆ ಸಜ್ಜನನೊಬ್ಬನು ಬಿಟ್ಟುಹೋದ ಗಾದಿ ಬರಿದಾಗಿ ಉಳಿಯುವುದಿಲ್ಲ. ಮರುದಿನವೇ ಅದರ ಮೇಲೆ ಮತ್ತೊಬ್ಬನು ಕುಳಿತಿರುತ್ತಾನೆ. ಆತ ಯಾರು, ಹೇಗೆ ಬಂದ ಎಂಬುದು ಮುನಿಗಳ ಚಿಂತೆಯಲ್ಲದಿರಬಹುದು. ಮನೆಮಠ, ಹೊಲ, ಅಂಗಡಿಗಳನ್ನು ಕಟ್ಟಿಕೊಂಡಿರುವ ಶ್ರಾವಕನಿಗೆ ಅದು ತನ್ನ ಚಿಂತೆಯಲ್ಲವೆಂದು ಹೇಳುವ ಸ್ವಾತಂತ್ರ್ಯವಿಲ್ಲ.

ಹೀಗಾಗಿ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ಪ್ರಶ್ನೆ ಅಧಿಕಾರವನ್ನು ಬಿಡುವವನದಲ್ಲ, ಅದನ್ನು ಕೇಳಲು ಹೊರಟವನದು. ಅವರಲ್ಲಿಯೂ ಬಲಾಢ್ಯನದಲ್ಲ. ಕುಲದ ಸಂಖ್ಯಾಬಲ, ಸಕ್ಕರೆ ಕಾರಖಾನೆ, ಮನೆತನದ ಹೆಸರು, ಪಕ್ಷದ ಟಿಕೇಟು ಇವು ಯಾವುವೂ ಇಲ್ಲದೆ, ಸೋಲು ಬಹುತೇಕ ಖಚಿತವೆಂದು ತಿಳಿದಿದ್ದೂ ವಿಧಾನಸಭೆಗೆ ನಾಮಪತ್ರ ಸಲ್ಲಿಸುವ ಹಳ್ಳಿಗನದು. ಆತನ ನಡೆ ಧರ್ಮವೋ ಹಟವೋ? ಆತನನ್ನು ಕಂಡು ನಕ್ಕವರ ನಗೆ ವಿವೇಕವೋ ಅಂಜಿಕೆಯೋ?

ಕಾಖಂಡಕಿಯಂತಹ ಊರಿನ ಒಬ್ಬ ಸಣ್ಣ ಹಿಡುವಳಿದಾರನನ್ನು ಕಲ್ಪಿಸಿಕೊಳ್ಳಬಹುದು. ಕೆಲವೇ ಎಕರೆ ಬಿಳಿಜೋಳದ ಹೊಲ, ತಕ್ಕಮಟ್ಟಿನ ಓದು, ಊರವರ ಅರ್ಜಿಗಳನ್ನು ಬರೆದುಕೊಡುವ ಅಭ್ಯಾಸ, ಡೋಣಿ ದಂಡೆಯ ಹೊಲಗಳ ಗೋಳನ್ನು ಕಣ್ಣಾರೆ ಕಂಡ ಅನುಭವ ಇವಿಷ್ಟೇ ಆತನ ಬಂಡವಾಳ. 2008ರ ಪುನರ್ವಿಂಗಡಣೆಯ ಮುಂಚೆ ತಿಕೋಟಾ ಹೆಸರಿನಲ್ಲಿದ್ದು, ಅನಂತರ ಬಬಲೇಶ್ವರವೆನಿಸಿದ ಕ್ಷೇತ್ರದಿಂದ ಆತ ಉಮೇದುವಾರನಾಗಬಯಸುತ್ತಾನೆ. ಕಾಯಿದೆಯ ಪ್ರಕಾರ ಆತ ಮೊದಲು 10,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವನಾದರೆ ಅದರ ಅರ್ಧ. ಮಾನ್ಯತೆಯುಳ್ಳ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕನು ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಾದರೂ ಬಾರದಿದ್ದರೆ ಠೇವಣಿ ಸರಕಾರದ ಪಾಲು. 1952ರಲ್ಲಿ ಈ ಠೇವಣಿ 250 ರೂಪಾಯಿ ಇತ್ತು. 1996ರಲ್ಲಿ ಅದನ್ನು 5,000ಕ್ಕೇರಿಸಿ ಪಕ್ಷೇತರರಿಗೆ ಹತ್ತು ಸೂಚಕರ ನಿಯಮವನ್ನು ತಂದಾಗ ಹೇಳಿದ ಕಾರಣ, ಹುಡುಗಾಟಿಕೆಯ ಉಮೇದುವಾರರು ಹೆಚ್ಚಿದ್ದಾರೆ ಎಂಬುದು. ಅದು ಸುಳ್ಳೇನಲ್ಲ, ಮತಪತ್ರಿಕೆ ಹಾಸಿಗೆಯಷ್ಟು ಉದ್ದವಾಗುತ್ತಿದ್ದ ಕಾಲವದು. ಆದರೆ ಜೇಬಿನ ಭಾರದಿಂದ ಹುಡುಗಾಟಿಕೆಯನ್ನು ಅಳೆಯುವ ತಕ್ಕಡಿ, ಹಣವುಳ್ಳ ಹುಡುಗಾಟಿಕೆಯವನನ್ನು ಎಂದೂ ಹಿಡಿಯದು.

ಹತ್ತು ಸೂಚಕರನ್ನು ಹುಡುಕುವಾಗಲೇ ಆತನಿಗೆ ಲೋಕದ ಸ್ವರೂಪ ತಿಳಿಯುತ್ತದೆ. ಮನದಲ್ಲಿ ಮೆಚ್ಚುವವರು ಕಾಗದದ ಮೇಲೆ ಸಹಿ ಹಾಕಲು ಅಳುಕುತ್ತಾರೆ. ಮತ ಗುಪ್ತವಾದುದು, ಸಹಿ ಗುಪ್ತವಲ್ಲ. ಪಂಪಸೆಟ್ಟಿನ ಸಂಪರ್ಕ, ಮಗನ ನೌಕರಿ, ಸೊಸಾಯಿಟಿಯ ಸಾಲ ಎಲ್ಲವೂ ಒಂದಿಲ್ಲೊಂದು ಕೈಯನ್ನು ಹಾದು ಬರಬೇಕಾದ ಹಳ್ಳಿಯಲ್ಲಿ ಬಲಾಢ್ಯನ ಎದುರು ಹೆಸರು ಬರೆದುಕೊಡುವುದು ಸಣ್ಣ ಸಾಹಸವಲ್ಲ. ಆದ್ದರಿಂದ ದುರ್ಬಲ ಉಮೇದುವಾರನ ಧೈರ್ಯವನ್ನು ಕೊಂಡಾಡುವವರು ಆ ಹತ್ತು ಹೆಸರುಗಳನ್ನು ಮರೆಯಬಾರದು. ಆತ ಸೋತು ಹಿಂದಿರುಗಿದ ಮೇಲೆ ಅವರು ಅದೇ ಊರಿನಲ್ಲಿ ಬಾಳಬೇಕು.

ಕನ್ನಡ ನಾಡಿನಲ್ಲಿ ಇಂತಹ ಉಮೇದುವಾರಿಕೆಯ ಅತ್ಯಂತ ಶುದ್ಧ ನಿದರ್ಶನ ಬಯಲುಸೀಮೆಯದಲ್ಲ, ಮಲೆನಾಡಿನದು. ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು 1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಪರವಾಗಿ ನಿಂತಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷವೆಂಬ ಕೀರ್ತಿಯನ್ನು ಹೊತ್ತ ಕಾಂಗ್ರೆಸ್ಸು, ಅದರ ಹಿಂದೆ ಜಮೀನುದಾರರ ಬಲ. ಇವರ ಹಿಂದೆ ಇದ್ದವರು ಗೇಣಿದಾರರು.

ಅದಕ್ಕೆ ಒಂದು ವರ್ಷದ ಹಿಂದಿನ ಕಾಗೋಡು ಸತ್ಯಾಗ್ರಹವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆಯುವುದು ಅವಶ್ಯ. ಏಕೆಂದರೆ ವ್ಯಾಪಾರಿ ಮನೆತನದ ವಾಚಕರಿಗೆ ಅದರ ಮೂಲದಲ್ಲಿ ಪರಿಚಿತ ವಸ್ತುವೊಂದು ಕಾಣಸಿಗುತ್ತದೆ. ಅದು ಅಳತೆಯ ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಜಮೀನುದಾರರು ಬಳಸುತ್ತಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದೇ ಗೇಣಿದಾರರ ಮುಖ್ಯ ದೂರು. ಎಚ್. ಗಣಪತಿಯಪ್ಪನವರು ಸಾಗರ ತಾಲೂಕಿನಲ್ಲಿ ಕಟ್ಟಿದ ರೈತಸಂಘ ಈ ದೂರನ್ನು ಎತ್ತಿಹಿಡಿಯಿತು. 1951ರ ಏಪ್ರಿಲ್ 18ರಂದು ಆರಂಭವಾದ ಸತ್ಯಾಗ್ರಹದಲ್ಲಿ ರೈತರು ನೇಗಿಲು ಹೊತ್ತು, ತಮ್ಮಿಂದ ಬಿಡಿಸಿದ ಗದ್ದೆಗಳಿಗೇ ಇಳಿದು, ತಂಡತಂಡವಾಗಿ ಸೆರೆಮನೆ ಸೇರಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಅವರೊಂದಿಗೆ ಬಂಧಿತರಾದರು. ಗೋಪಾಲಗೌಡರು ಈ ಹೋರಾಟದ ಮುಂಚೂಣಿಯಲ್ಲಿದ್ದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಒಂದೆಂಬುದು ನೆನಪಿರುತ್ತದೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವ ದೋಷವದು. ಅಂಗಡಿಯ ಸೇರಿಗೂ ತಕ್ಕಡಿಗೂ ಅನ್ವಯಿಸಿ ಹೇಳಿದುದೆಂದು ಅದನ್ನು ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ಅದೇ ದೋಷ ಒಂದು ಇಡೀ ತಾಲೂಕಿನ ರಾಜಕೀಯವನ್ನು ತಿರುಗಿಸಿತು. ಗೋಪಾಲಗೌಡರು ಜೈನಶಾಸ್ತ್ರವನ್ನು ಆಧಾರವಾಗಿಟ್ಟುಕೊಂಡು ಹೋರಾಡಿದರೆಂದು ಇಲ್ಲಿ ಹೇಳುತ್ತಿಲ್ಲ, ಅವರು ಸಮಾಜವಾದಿಗಳು. ಒಂದು ಅಳತೆ ತಪ್ಪಾಗಿದ್ದರೆ ಅದನ್ನು ತಪ್ಪೆಂದು ಕಾಣಲು ಯಾವ ದರ್ಶನವಾದರೂ ಸಾಕು.

ಆ ಚುನಾವಣೆಯಲ್ಲಿ ಅವರು ಮತದಾರರಿಂದ ಕೇಳಿದ್ದು ಒಂದು ಓಟು ಮತ್ತು ಒಂದು ನೋಟು. ಎಂದರೆ ಮತದೊಂದಿಗೆ ಒಂದು ರೂಪಾಯಿ. ಹಣವಿಲ್ಲದವನು ಹಣ ಬೇಡಿದ, ಅದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷವಿರುವುದು ಹಣ ಹರಿದ ದಿಕ್ಕಿನಲ್ಲಿ. ಜಮಾ-ಖರ್ಚು ಬಲ್ಲವರು ಇದನ್ನು ಬೇಗ ಗ್ರಹಿಸುತ್ತಾರೆ. ಉಮೇದುವಾರನು ಮತದಾರನಿಗೆ ಐದುನೂರರ ನೋಟು ಕೊಟ್ಟರೆ ಆ ವ್ಯವಹಾರ ಅಲ್ಲಿಗೆ ಚುಕ್ತಾ ಆಯಿತು. ಸರಕು ಸಂದಿತು, ಬೆಲೆ ಸಂದಿತು, ಖಾತೆ ಮುಚ್ಚಿತು. ಮುಂದಿನ ಐದು ವರ್ಷ ರಸ್ತೆಯಿಲ್ಲ, ನೀರಿಲ್ಲ ಎಂದು ಆ ಮತದಾರನು ಯಾವ ಮುಖದಿಂದ ಕೇಳಬೇಕು? ಕೇಳಿದರೂ, ನಿನ್ನ ಬಾಕಿ ತೀರಿಸಿದ್ದೇನಲ್ಲ ಎಂಬ ಉತ್ತರ ಗೆದ್ದವನ ನಾಲಗೆಯ ತುದಿಯಲ್ಲಿ ಸಿದ್ಧವಿರುತ್ತದೆ. ಆದರೆ ಮತದಾರನೇ ಒಂದು ರೂಪಾಯಿ ಕೊಟ್ಟಿದ್ದರೆ ಆತನ ಹೆಸರಿನಲ್ಲಿ ಜಮೆ ಉಳಿಯುತ್ತದೆ, ಶಾಸಕನ ಹೆಸರಿನಲ್ಲಿ ಬಾಕಿ. ಆ ಬಾಕಿ ಹಣದಿಂದ ತೀರುವಂಥದಲ್ಲ. ಗೋಪಾಲಗೌಡರು ಗೆದ್ದರು, ಗೆದ್ದು ವಿಧಾನಸಭೆಯಲ್ಲಿ ಗೇಣಿದಾರರ ಮಾತನ್ನು ಆಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನೀತಿಪಾಠಕ್ಕೆ ಅನುಕೂಲವಾಗುತ್ತಿತ್ತು. ಅದು ಮುಗಿಯಲಿಲ್ಲ. 1957ರಲ್ಲಿ ಅವರೇ ಸೋತರು. ಅದೇ ಮನುಷ್ಯ, ಅದೇ ಮಾತು, ಮೊದಲಿಗಿಂತ ಹೆಚ್ಚಿನ ಅನುಭವ, ಆದರೂ ಸೋಲು. ಮುಂದೆ 1962ರಲ್ಲಿಯೂ 1967ರಲ್ಲಿಯೂ ಗೆದ್ದರು. ಶುದ್ಧವಾದ ಸಾಧನಕ್ಕೆ ಜಯ ಕಟ್ಟಿಟ್ಟ ಬುತ್ತಿ ಎಂದು ಉಪದೇಶಿಸುವವರು 1952ನ್ನು ಮಾತ್ರ ಹೇಳಿ 1957ನ್ನು ಮುಚ್ಚಿಡುತ್ತಾರೆ. ಇದು ಪುಣ್ಯಕ್ಕೆ ಲಾಭದ ಆಮಿಷವೊಡ್ಡುವ ವ್ಯಾಪಾರ. ಸಾಧನ ಶುದ್ಧವಾಗಿರಬೇಕಾದುದು ಅದರಿಂದ ಗೆಲ್ಲಬಹುದೆಂದಲ್ಲ. ಹಾಗೆ ನಂಬಿ ನಿಂತವನು ಮೊದಲ ಸೋಲಿನಲ್ಲಿಯೇ ಸಾಧನವನ್ನು ಬದಲಿಸುತ್ತಾನೆ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆಗೆ ಉತ್ತರಿಸಬೇಕು. ದುರ್ಬಲನು ನಿಂತು ಒಂದಿಷ್ಟು ಒಳ್ಳೆಯ ಮತಗಳನ್ನು ಸೆಳೆದುಕೊಂಡರೆ ಇದ್ದವರಲ್ಲಿ ತಕ್ಕಮಟ್ಟಿಗೆ ಯೋಗ್ಯನಾದವನು ಸೋತು ಅಯೋಗ್ಯನು ಗೆಲ್ಲಬಹುದಲ್ಲವೇ? ಆಗ ಸೋತ ಸಜ್ಜನನ ಶುದ್ಧಿಯೇ ಊರಿಗೆ ಹಾನಿಯಾಯಿತಲ್ಲವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೃತ್ಯದ ಫಲವನ್ನು ನೋಡದೆ ಭಾವವನ್ನು ಮಾತ್ರ ನೋಡುವ ಧರ್ಮವೆಂದು ಜೈನಧರ್ಮವನ್ನು ಕೆಲವರು ತಿಳಿಯುತ್ತಾರೆ. ಆದರೆ ಆಚಾರ್ಯರು ಹಿಂಸೆಯನ್ನು ವಿವರಿಸುವಾಗ ‘ಪ್ರಮತ್ತಯೋಗ’ ಎಂಬ ಪದವನ್ನು ಇಟ್ಟಿದ್ದಾರೆ. ಎಚ್ಚರ ತಪ್ಪಿದ ನಡೆಯೇ ಪ್ರಮಾದ. ನೆಲ ನೋಡದೆ ನಡೆದವನು ಇರುವೆಯನ್ನು ಕೊಲ್ಲಲೆಂದು ಹೊರಟಿರಲಿಲ್ಲ ಎಂಬ ಕಾರಣಕ್ಕೆ ನಿರ್ದೋಷಿಯಾಗುವುದಿಲ್ಲ. ಹಾಗೆಯೇ ಕ್ಷೇತ್ರದ ಸ್ಥಿತಿಯನ್ನು ತೂಗಿನೋಡದೆ, ತನ್ನ ನಿಲುವಿನಿಂದ ಯಾರಿಗೆ ಅನುಕೂಲವಾಗುವುದೆಂದು ವಿಚಾರಿಸದೆ, ತನ್ನ ಮನಸ್ಸು ಶುದ್ಧವಾಗಿದೆ ಎಂಬ ಒಂದೇ ನೆಪದಿಂದ ನಿಲ್ಲುವವನು ಪ್ರಮಾದದಿಂದ ಪಾರಾಗಲಾರ.

ತೂಗಿ ನೋಡಿದ ಮೇಲೆ ನಿಲ್ಲಬಹುದೇ? ನಿಲ್ಲಬಹುದು. ಇದ್ದವರಲ್ಲಿ ಯೋಗ್ಯನೆನ್ನಿಸಿಕೊಂಡವನಿಗೂ ಆ ಮತಗಳು ಪಿತ್ರಾರ್ಜಿತ ಆಸ್ತಿಯಲ್ಲ. ಆತ ಅವುಗಳನ್ನು ಕಳೆದುಕೊಂಡರೆ ಏಕೆ ಕಳೆದುಕೊಂಡೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಮೇಲಾಗಿ ಒಂದು ಚುನಾವಣೆಯ ಸೋಲು ಮುಂದಿನ ಚುನಾವಣೆಯ ಬಿತ್ತನೆಯಾಗಿರಬಹುದು. ಮಂಡ್ಯ ಜಿಲ್ಲೆಯ ಕೆ.ಎಸ್. ಪುಟ್ಟಣ್ಣಯ್ಯನವರು ರೈತಸಂಘದಿಂದ 1994ರಲ್ಲಿ ಪಾಂಡವಪುರದಲ್ಲಿ ಗೆದ್ದು, ಮತ್ತೆ ವಿಧಾನಸಭೆಯನ್ನು ಪ್ರವೇಶಿಸಿದ್ದು 2013ರಲ್ಲಿ, ಮೇಲುಕೋಟೆಯಿಂದ. 2018ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಮೆರಿಕದಿಂದ ಮರಳಿ ಬಂದು ನಿಂತ ಅವರ ಮಗ ದರ್ಶನ್ ಅದೇ ವರ್ಷ ಸೋತು, 2023ರಲ್ಲಿ ಗೆದ್ದರು. ಆ ಗೆಲುವಿಗೆ ಕಾಂಗ್ರೆಸ್ಸಿನ ಬೆಂಬಲವಿತ್ತು ಎಂಬುದನ್ನೂ ಹೇಳಬೇಕು. ದುರ್ಬಲನು ಬಲಾಢ್ಯ ಪಕ್ಷದ ಹೆಗಲನ್ನು ಆಸರೆಯಾಗಿ ಪಡೆಯುವುದು ತಪ್ಪಲ್ಲ; ಆದರೆ ಹೆಗಲು ಕೊಟ್ಟವರು ಮುಂದೆ ಏನು ಕೇಳಬಹುದೆಂಬುದನ್ನು ಮೊದಲೇ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯವರಿಗೆ ಬಾಬಾಗೌಡ ಪಾಟೀಲರ ಹೆಸರು ಹೆಚ್ಚು ಪರಿಚಿತ. 1989ರಲ್ಲಿ ಹಸಿರು ಶಾಲಿನ ರೈತಸಂಘದಿಂದ ನಿಂತು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಅವರೊಬ್ಬರೇ ಗೆದ್ದುದು ಆಗ ದೊಡ್ಡ ಅಚ್ಚರಿಯಾಗಿತ್ತು. ಅವರು ತೆರವು ಮಾಡಿದ ಧಾರವಾಡ ಗ್ರಾಮೀಣದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಮರುಚುನಾವಣೆಯಲ್ಲಿ ಆಯ್ಕೆಯಾದರು. ಮುಂದೆ ಪಾಟೀಲರು ಭಾರತೀಯ ಜನತಾ ಪಕ್ಷವನ್ನು ಸೇರಿ 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. ಇದನ್ನು ಪತನವೆನ್ನುವವರೂ ಉಂಟು, ಪ್ರಗತಿಯೆನ್ನುವವರೂ ಉಂಟು. ಎರಡೂ ಆತುರದ ತೀರ್ಪುಗಳು. ಚಳವಳಿಯವನು ಚುನಾವಣೆಗೆ ಇಳಿದಾಗ ಎರಡು ಧಣಿಗಳ ಸೇವೆಗೆ ಸೇರಿದಂತೆ ಆಗುತ್ತದೆ ಎಂಬುದಷ್ಟೇ ಇದರಿಂದ ಸ್ಪಷ್ಟ. ಚಳವಳಿಗೆ ತಾಳ್ಮೆಯುಂಟು, ಚುನಾವಣೆಗೆ ತಾರೀಖು ಉಂಟು.

ಈಗ ಹಣದ ಪ್ರಶ್ನೆ. ಇಲ್ಲಿಯೇ ಗೃಹಸ್ಥಧರ್ಮದ ನಿಜವಾದ ಪರೀಕ್ಷೆ ಇದೆ.

ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ ಕರ್ನಾಟಕದಂತಹ ದೊಡ್ಡ ರಾಜ್ಯಗಳಿಗೆ 40 ಲಕ್ಷ ರೂಪಾಯಿಗೆ ಏರಿಸಲಾಯಿತು. 2023ರ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿ ಸುಮಾರು 5 ಕೋಟಿ 30 ಲಕ್ಷ ಮತದಾರರಿದ್ದರು. ಭಾಗಿಸಿ ನೋಡಿದರೆ ಒಬ್ಬ ಮತದಾರನಿಗೆ ಕಾಯಿದೆ ಸಮ್ಮತಿಸುವ ವೆಚ್ಚ 17 ರೂಪಾಯಿಯ ಆಸುಪಾಸು. ಹಂಚಿಕೆ ಮಾಡುವವನು ಹತ್ತು ಸಾವಿರ ಜನರಿಗೆ ತಲಾ ಐದುನೂರು ಕೊಟ್ಟರೂ 50 ಲಕ್ಷವಾಯಿತು. ಮಿತಿ ಅಲ್ಲಿಯೇ ಮೀರಿತು, ಇನ್ನೂ ಪೆಂಡಾಲು, ವಾಹನ, ಊಟ ಲೆಕ್ಕಕ್ಕೆ ಬಂದಿಲ್ಲ. ಅದೇ ಚುನಾವಣೆಯಲ್ಲಿ ರಾಜ್ಯದಲ್ಲಿ ಚುನಾವಣಾ ಆಯೋಗದವರು ವಶಪಡಿಸಿಕೊಂಡ ನಗದು, ಮದ್ಯ, ಆಭರಣಾದಿಗಳ ಮೌಲ್ಯ ಸುಮಾರು 375 ಕೋಟಿ ರೂಪಾಯಿ. 2018ರಲ್ಲಿ ಅದು 83 ಕೋಟಿಯಷ್ಟಿತ್ತು. ಇದು ಸಿಕ್ಕಿಬಿದ್ದುದರ ಲೆಕ್ಕ ಮಾತ್ರ.

ಈ ಮಿತಿಯಲ್ಲಿಯೂ ಒಂದು ಅನ್ಯಾಯವಿದೆ. 1974ರಲ್ಲಿ ಕನ್ವರಲಾಲ್ ಗುಪ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಭ್ಯರ್ಥಿಗಾಗಿ ಪಕ್ಷವು ಮಾಡಿದ ವೆಚ್ಚವನ್ನೂ ಆತನ ಲೆಕ್ಕಕ್ಕೇ ಹಿಡಿಯಬೇಕೆಂದು ಹೇಳಿತು. ಅದೇ ವರ್ಷ ಸಂಸತ್ತು ಕಾಯಿದೆಗೆ ವಿವರಣೆಯೊಂದನ್ನು ಸೇರಿಸಿ ಆ ತೀರ್ಪಿನ ಬಲವನ್ನು ಕಳೆಯಿತು. 2003ರಲ್ಲಿ ಮತ್ತೆ ತಿದ್ದುಪಡಿಯಾದರೂ ಪಕ್ಷದ ಪ್ರಮುಖ ನಾಯಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕದ ಹೊರಗೇ ಉಳಿಯಿತು. ಪಕ್ಷಗಳು ಒಟ್ಟಾರೆ ಮಾಡುವ ವೆಚ್ಚಕ್ಕಂತೂ ಮಿತಿಯೇ ಇಲ್ಲ. ಹೆಲಿಕಾಪ್ಟರಿನಲ್ಲಿ ಬಂದಿಳಿಯುವ ನಾಯಕನಿಲ್ಲದ ಪಕ್ಷೇತರನಿಗೆ ಮಾತ್ರ ಮಿತಿ ನಿಜವಾದ ಮಿತಿ.

ಆದರೂ ದುರ್ಬಲ ಉಮೇದುವಾರನು ಅನುಸರಿಸಬೇಕಾದುದು ಆಯೋಗದ ಮಿತಿಯನ್ನಲ್ಲ, ತನ್ನದೇ ಮಿತಿಯನ್ನು. ಪರಿಗ್ರಹಪರಿಮಾಣವ್ರತದ ಸ್ವಾರಸ್ಯ ಇದರಲ್ಲಿಯೇ ಇದೆ. ಇಂತಿಷ್ಟು ಸಾಕೆಂದು ರಾಜನು ಹೇಳುವ ಮುಂಚೆ ಗೃಹಸ್ಥನೇ ಗೆರೆ ಎಳೆದುಕೊಳ್ಳುತ್ತಾನೆ. ಆ ಗೆರೆ ಎಲ್ಲಿರಬೇಕು? ಹೆಂಡತಿಯ ಮೈಮೇಲಿನ ಬಂಗಾರದ ಈಚೆಗೆ, ಮಕ್ಕಳ ಓದಿನ ಹಣದ ಈಚೆಗೆ, ಹೊಲದ ಉತಾರದ ಈಚೆಗೆ. ಮನೆಯ ಹೆಂಗಸರನ್ನು ಒಂದು ಮಾತೂ ಕೇಳದೆ ಒಡವೆಗಳನ್ನು ಅಡವಿಟ್ಟು, ನೂರಕ್ಕೆ ಮೂರರ ಬಡ್ಡಿಯ ಕೈಗಡ ತಂದು ನಿಂತು, ಅನಂತರ ಸಮಾಜಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡೆ ಎಂದು ಹೇಳಿಕೊಳ್ಳುವವರನ್ನು ಎಲ್ಲ ತಾಲೂಕುಗಳಲ್ಲಿಯೂ ಕಾಣಬಹುದು. ಅವರು ಕಳೆದದ್ದು ತಮ್ಮ ಸರ್ವಸ್ವವನ್ನಲ್ಲ, ಮನೆಯವರದನ್ನು. ಅಹಿಂಸೆಯ ಮೊದಲ ಕ್ಷೇತ್ರ ಸ್ವಂತ ಮನೆ. ಊರಿಗೆ ನ್ಯಾಯ ಕೊಡಿಸಲು ಹೊರಟವನು ಅಡುಗೆಮನೆಯಲ್ಲಿ ಅನ್ಯಾಯವನ್ನು ಬಿಟ್ಟು ಹೋಗಬಾರದು. ಗೋಪಾಲಗೌಡರು ಬೇಡಿದ ಒಂದು ರೂಪಾಯಿಯ ಇನ್ನೊಂದು ಗುಣ ಇಲ್ಲಿ ಕಾಣುತ್ತದೆ: ಸೋಲಿನ ಭಾರ ಒಂದು ಮನೆಯ ಮೇಲೆ ಬೀಳದೆ ಸಾವಿರ ಮನೆಗಳ ಮೇಲೆ ಹಗುರವಾಗಿ ಹಂಚಿಹೋಗುತ್ತದೆ.

ದುರ್ಬಲನೆಂದ ಮಾತ್ರಕ್ಕೆ ಆತ ಶುದ್ಧನೆಂದು ಭಾವಿಸುವುದೂ ಭ್ರಮೆಯೇ. ಬಲಹೀನನಿಗೆ ಆತನದೇ ಪ್ರಲೋಭನೆಗಳಿವೆ. ನಾಮಪತ್ರ ಹಿಂತೆಗೆದುಕೊಳ್ಳಲು ಬೆಲೆ ಕಟ್ಟುವವರಿದ್ದಾರೆ. ಎದುರಾಳಿಯ ಹೆಸರನ್ನೇ ಹೋಲುವ ಹೆಸರಿನವನನ್ನು ಹುಡುಕಿ ನಿಲ್ಲಿಸುವವರಿದ್ದಾರೆ. ಎದುರಾಳಿಯ ಖಾಸಗಿ ಬದುಕಿನ ಬಗ್ಗೆ ಸುಳ್ಳು ಹಬ್ಬಿಸಲು ಹಣವೇ ಬೇಡ, ನಾಲಗೆ ಸಾಕು. ದೊಡ್ಡವನ ದೊಡ್ಡ ಪಾಪದ ಎದುರಿಗೆ ತನ್ನ ಸಣ್ಣ ಸುಳ್ಳು ಯಾವ ಲೆಕ್ಕ ಎಂಬ ತರ್ಕ ದುರ್ಬಲನಿಗೆ ಬಹಳ ಹಿತವಾದುದು. ಇದರ ಜೊತೆಗೆ ಮಾನಕಷಾಯ ಬೇರೆ. ತಾನೊಬ್ಬನೇ ಶುದ್ಧ, ತನಗೆ ಮತ ಹಾಕದವರೆಲ್ಲ ಮಾರಿಕೊಂಡವರು ಎಂಬ ಭಾವ ಬಂದಿತೆಂದರೆ ಆತ ಸೋಲುವ ಮುಂಚೆಯೇ ಸೋತಂತೆ. ಮತದಾರನಿಗೆ ಬೇರೆಯವರನ್ನು ಆರಿಸಲು ಯೋಗ್ಯ ಕಾರಣಗಳೂ ಇರಬಹುದು. ಆಪತ್ತಿನಲ್ಲಿ ಆಸ್ಪತ್ರೆಗೆ ಕಳಿಸಿದವನನ್ನು ನೆನೆಯುವುದು ಭ್ರಷ್ಟಾಚಾರವಲ್ಲ.

ಜೈನಾಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ವಿಧ ಎಲ್ಲರಿಗೂ ತಿಳಿದುದೇ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು, ಮೂರಕ್ಕೂ ಬಂಧವುಂಟು. ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮು ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತದೆ. ಅಭ್ಯರ್ಥಿ ಕೊಟ್ಟ ಲಂಚ ಮಾತ್ರವಲ್ಲ, ಆತನ ಏಜೆಂಟನು ಕೊಟ್ಟದ್ದು, ಆತನ ಸಮ್ಮತಿಯಿಂದ ಬೇರಾರೋ ಕೊಟ್ಟದ್ದೂ ಭ್ರಷ್ಟ ಆಚರಣೆಯೇ. ‘ಹುಡುಗರು ಏನೋ ಮಾಡಿದರು, ನನಗೆ ಗೊತ್ತಿಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ಕೆಲವೊಮ್ಮೆ ನಿಲ್ಲಬಹುದು, ಸಾಮಾಯಿಕಕ್ಕೆ ಕುಳಿತಾಗ ನಿಲ್ಲದು. ಆಚಾರ್ಯ ತುಲಸಿಯವರು 1949ರಲ್ಲಿ ಆರಂಭಿಸಿದ ಅಣುವ್ರತ ಆಂದೋಲನದ ಪ್ರತಿಜ್ಞೆಗಳಲ್ಲಿ ಚುನಾವಣೆಯ ಅನೀತಿಯಿಂದ ದೂರವಿರುವುದೂ ಒಂದಾಗಿರುವುದು ಆಕಸ್ಮಿಕವಲ್ಲ. ಗಣರಾಜ್ಯದ ಮೊದಲ ಮತದಾನಕ್ಕೂ ಮುನ್ನವೇ ಆ ಆಂದೋಲನ ಹುಟ್ಟಿತ್ತು.

ಇಷ್ಟು ಹೇಳಿ ಉಮೇದುವಾರನ ತಲೆಯ ಮೇಲೆಯೇ ಎಲ್ಲವನ್ನೂ ಹೊರಿಸಿ ಸುಮ್ಮನಾಗುವುದು ಪ್ರಾಮಾಣಿಕತೆಯಲ್ಲ. ವ್ಯಾಪಾರಿ ಸಮಾಜವು ಚುನಾವಣೆ ಬಂದಾಗ ಹೇಗೆ ವರ್ತಿಸುತ್ತದೆ? ಅಡತಿ ಅಂಗಡಿಗೆ ಗೆಲ್ಲುವ ಕುದುರೆ ಬಂದರೆ ಒಂದು ಮೊತ್ತ, ಅದರ ಎದುರಾಳಿ ಬಂದರೆ ಅಷ್ಟೇ ಮೊತ್ತ. ಇದಕ್ಕೆ ವ್ಯವಹಾರಜ್ಞಾನವೆಂದು ಹೆಸರು. ಮೂರನೆಯವನಾಗಿ ಕಾಖಂಡಕಿಯ ಆ ಹಿಡುವಳಿದಾರನು ಬಂದರೆ ಚಹಾ ಕುಡಿಸಿ, ‘ನಿಮ್ಮಂಥವರು ಬರಬೇಕ್ರಿ’ ಎಂದು ಬೀಳ್ಕೊಡುತ್ತಾರೆ. ಮೊದಲಿನ ಇಬ್ಬರಿಗೆ ಕೊಟ್ಟದ್ದು ರೋಜುಕಿರ್ದಿಯಲ್ಲಿ ಕಾಣುವುದಿಲ್ಲ. ಕಂಡರೂ ಹಮಾಲಿಯೋ ದುರಸ್ತಿಯೋ ಆಗಿ ಕಾಣುತ್ತದೆ. ಸತ್ಯವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಗೆ, ಅಂದರೆ ಸುಳ್ಳು ಬರಹಕ್ಕೆ, ಸ್ಥಾನವಿದೆ. ಪರ್ಯೂಷಣದಲ್ಲಿ ಇದನ್ನು ಪಂಡಿತರ ಬಾಯಿಂದ ಕೇಳಿ ತಲೆದೂಗುವ ಕೈಗಳೇ ಮಾರ್ಚ್ ಅಂತ್ಯಕ್ಕೆ ಅಢಾವೆ ಪತ್ರಿಕೆಗೆ ಸಹಿ ಹಾಕುತ್ತವೆ. ಮತದಾರನು ಐದುನೂರಕ್ಕೆ ಮಾರಿಕೊಂಡನೆಂದು ನಿಂದಿಸುವ ಮುನ್ನ ಆ ಐದುನೂರು ಯಾವ ಗಲ್ಲಾಪೆಟ್ಟಿಗೆಯಿಂದ ಹೊರಟಿತೆಂದು ಕೇಳಿಕೊಳ್ಳುವುದು ಮೇಲು.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಪಾಲಿದೆ. ಚುನಾವಣೆಯ ವರ್ಷದಲ್ಲಿ ಉಮೇದುವಾರರ ಭಕ್ತಿ ಉಕ್ಕುವುದು ಎಲ್ಲ ಧರ್ಮದ ಗುಡಿಗಳಲ್ಲಿಯೂ ಕಾಣುವ ಸಂಗತಿ. ಒಬ್ಬರು ಸಮುದಾಯಭವನಕ್ಕೆ ಸಿಮೆಂಟು, ಮತ್ತೊಬ್ಬರು ಕೊಳವೆಬಾವಿ, ಇನ್ನೊಬ್ಬರು ಬೆಳ್ಳಿಯ ಪೂಜಾಸಾಮಗ್ರಿ. ಹಣ ತಮ್ಮ ಮನೆಗೆ ಬರಲಿಲ್ಲ, ದೇವರಿಗೆ ಬಂದಿತು ಎಂದು ಟ್ರಸ್ಟಿನವರು ಸಮಾಧಾನಪಡುತ್ತಾರೆ. ಆದರೆ 123ನೆಯ ಕಲಮು ಕಾಣಿಕೆ ಯಾರ ಕೈಗೆ ಬಂದಿತೆಂದು ಕೇಳುವುದಿಲ್ಲ. ಮತದಾರರನ್ನು ನೇರವಾಗಿ ಅಥವಾ ಪರೋಕ್ಷವಾಗಿ ಒಲಿಸುವ ಉದ್ದೇಶವಿತ್ತೇ ಎಂದು ಕೇಳುತ್ತದೆ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆಯು ಪೂಜಾಸ್ಥಳದ ಆವರಣವನ್ನಾಗಲಿ ನಿಧಿಯನ್ನಾಗಲಿ ರಾಜಕೀಯಕ್ಕೆ ಬಳಸಗೊಡಬಾರದೆಂದು ವಿಧಿಸುತ್ತದೆ. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ನಾಲ್ಕು-ಮೂರರ ಬಹುಮತದಿಂದ, ಅಭ್ಯರ್ಥಿಯದು ಮಾತ್ರವಲ್ಲ, ಮತದಾರರ ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟ ಆಚರಣೆ ಎಂದು ತೀರ್ಪಿತ್ತಿತು. ಕಾಯಿದೆಯ ಮಾತು ಒಂದು ಕಡೆ ಇರಲಿ. ವೀತರಾಗನ ಎದುರಿಗೆ ರಾಗಪ್ರೇರಿತವಾದ ಕಾಣಿಕೆಯನ್ನು ಇಟ್ಟು ಅದರ ಮೇಲೆ ಕೊಟ್ಟವನ ಹೆಸರಿನ ಕಲ್ಲು ನೆಡುವುದರಲ್ಲಿ ಯಾವ ಪ್ರಭಾವನೆಯಿದೆ? ಚುನಾವಣೆ ಘೋಷಣೆಯಾದಂದಿನಿಂದ ಎಣಿಕೆಯ ದಿನದವರೆಗೆ ಯಾವ ಉಮೇದುವಾರನ ಕಾಣಿಕೆಯನ್ನೂ ಸ್ವೀಕರಿಸುವುದಿಲ್ಲವೆಂದು ಟ್ರಸ್ಟುಗಳು ಒಂದು ಸಾಲಿನ ಠರಾವು ಮಾಡಿದರೆ ಭವನದ ಕೆಲಸ ಆರು ತಿಂಗಳು ತಡವಾಗಬಹುದು. ತಡವಾಗಲಿ.

ಮತ್ತೆ ಆ ಹಿಡುವಳಿದಾರನ ಕಡೆಗೆ ಬರಬೇಕು. ಎಣಿಕೆ ಮುಗಿಯುತ್ತದೆ. ಎಲ್ಲರೂ ಹೇಳಿದಂತೆಯೇ ಆತ ಸೋಲುತ್ತಾನೆ. ಆರನೆಯ ಒಂದು ಪಾಲು ಬಾರದೆ ಠೇವಣಿಯೂ ಹೋಗುತ್ತದೆ. ಆದರೆ ಕಾಯಿದೆ ಆತನನ್ನು ಇನ್ನೂ ಬಿಟ್ಟಿಲ್ಲ. ಫಲಿತಾಂಶದ ಮೂವತ್ತು ದಿನಗಳೊಳಗಾಗಿ ಗೆದ್ದವನಂತೆ ಸೋತವನೂ ತನ್ನ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ಒಪ್ಪಿಸದಿದ್ದರೆ ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು.

ಕರಪತ್ರದ ಮುದ್ರಣ, ಬಾಡಿಗೆಯ ಟಂಟಂ, ಧ್ವನಿವರ್ಧಕ, ಕಾರ್ಯಕರ್ತರ ಚಹಾ ಚುರುಮುರಿ, ಒಂದೊಂದಕ್ಕೂ ಚೀಟಿ ಇಟ್ಟಿದ್ದಾನೆ. ವಂತಿಗೆ ಕೊಟ್ಟವರ ಯಾದಿಯಲ್ಲಿ ಹತ್ತು ರೂಪಾಯಿಯವರ ಹೆಸರೂ ಇದೆ. ಒಂದು ಬೆಳಿಗ್ಗೆ ಆ ಕಾಗದಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ವಿಜಯಪುರಕ್ಕೆ ಹೋಗಿ, ಕಚೇರಿಯಲ್ಲಿ ಒಪ್ಪಿಸಿ, ಸ್ವೀಕೃತಿಗೆ ಮುದ್ರೆ ಹಾಕಿಸಿಕೊಳ್ಳುತ್ತಾನೆ. ಊರಿಗೆ ಮರಳಿದ ಮೇಲೆ ಅದೇ ಯಾದಿಯ ಇನ್ನೊಂದು ಪ್ರತಿಯನ್ನು ಕಟ್ಟೆಯ ಮೇಲೆ ಕುಳಿತು ಆ ಹತ್ತು ಸೂಚಕರ ಎದುರಿಗೆ ಓದುತ್ತಾನೆ. 340 ರೂಪಾಯಿ ಉಳಿದಿದೆ. ಅದನ್ನು ಏನು ಮಾಡಬೇಕೆಂಬ ಬಗ್ಗೆ ಅವರಲ್ಲಿ ಎರಡು ಅಭಿಪ್ರಾಯಗಳು ಬರುತ್ತವೆ; ಚರ್ಚೆ ದೀಪ ಹಚ್ಚುವ ಹೊತ್ತಿನವರೆಗೂ ನಡೆಯುತ್ತದೆ.